ಕಾನೂನಿನಲ್ಲಿ ನಿಯಮ ಬೇರೆ, ತತ್ವ ಬೇರೆ: ಗುರುತಿಸುವುದು ಹೇಗೆ?

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. ನಿಯಮ ಅಂದರೆ ನಿರ್ದಿಷ್ಟ, ತತ್ವ ಅಂದರೆ ವಿಶಾಲ ಎಂದು ನನ್ನ ನೋಟ್ಸ್‌ನಲ್ಲಿದೆ. ಆದರೆ ತೀರ್ಪುಗಳನ್ನು ಓದುವಾಗ ಈ ವ್ಯತ್ಯಾಸ ಕೈಗೆ ಸಿಗುವುದೇ ಇಲ್ಲ. ಕೆಲವು ಕಡೆ ಕಾಯ್ದೆಯ ಮಾತು ಸ್ಪಷ್ಟವಾಗಿದ್ದರೂ ನ್ಯಾಯಾಧೀಶರು ಯಾವುದೋ ತತ್ವದ ಹೆಸರು ಹೇಳಿ ಅದನ್ನು ಪಕ್ಕಕ್ಕಿಡುತ್ತಾರೆ. ಹಾಗೆ ಮಾಡಬಹುದಾದರೆ ನಿಯಮ ಯಾಕೆ ಬೇಕು? ತತ್ವ ಅನ್ನುವುದು ನ್ಯಾಯಾಧೀಶರ ಸ್ವಂತ ಅಭಿಪ್ರಾಯಕ್ಕೆ ಇಟ್ಟ ದೊಡ್ಡ ಹೆಸರು, ಅಷ್ಟೇ ಅಲ್ವಾ?

ಉತ್ತರ:

ನಿಮ್ಮ ನೋಟ್ಸ್ ಪೂರ್ತಿ ತಪ್ಪಲ್ಲ. ಆದರೆ ಅದೊಂದನ್ನೇ ನಂಬಿ ಹೊರಟರೆ ಬೇಗ ದಾರಿ ತಪ್ಪುತ್ತೀರಿ. 'ಬೇರೆ ಕಾಲಮಿತಿ ಹೇಳಿಲ್ಲದ ಎಲ್ಲ ದಾವೆಗಳನ್ನೂ ಮೂರು ವರ್ಷದೊಳಗೆ ಹೂಡಬೇಕು' ಎಂದು ಒಂದು ಕಾಯ್ದೆ ಹೇಳುತ್ತದೆ ಅಂದುಕೊಳ್ಳಿ. ಎಷ್ಟು ವಿಶಾಲವಾದ ಮಾತು ನೋಡಿ. ನೂರಾರು ಬಗೆಯ ಕೇಸುಗಳು ಅದರಡಿ ಬರುತ್ತವೆ. ಆದರೂ ಅದು ನಿಯಮವೇ. 'ಮಗು ಯಾರ ಬಳಿ ಇರಬೇಕು ಎಂದು ತೀರ್ಮಾನಿಸುವಾಗ ಮಗುವಿನ ಹಿತಕ್ಕೆ ಹೆಚ್ಚು ಬೆಲೆ ಕೊಡಬೇಕು' ಅನ್ನುವ ಮಾತು ಒಂದೇ ಬಗೆಯ ಕೇಸಿಗೆ ಸೇರಿದ್ದು. ಆದರೆ ಅದು ತತ್ವ. ಅಂದರೆ ಅಗಲ ಅಳೆದು ಪ್ರಯೋಜನವಿಲ್ಲ. ವಾದದಲ್ಲಿ ಆ ಮಾತು ಯಾವ ಕೆಲಸ ಮಾಡುತ್ತಿದೆ, ಇನ್ನೊಂದು ಮಾತು ಅದಕ್ಕೆ ಎದುರಾದಾಗ ಏನಾಗುತ್ತದೆ, ಅದನ್ನು ನೋಡಬೇಕು.

ಇದನ್ನು ಕಲಿಸುವವರೆಲ್ಲ ಎತ್ತಿಕೊಳ್ಳುವ ಕೇಸ್ ಒಂದಿದೆ, ರಿಗ್ಸ್ ವಿರುದ್ಧ ಪಾಮರ್. ನಾನೂ ಅದನ್ನೇ ಎತ್ತಿಕೊಳ್ಳುತ್ತೇನೆ. ಯಾಕೆಂದರೆ ಸಾಮಾನ್ಯವಾಗಿ ಅದರ ಅರ್ಧ ಕಥೆ ಹೇಳಿ ಬಿಟ್ಟುಬಿಡುತ್ತಾರೆ.

ನ್ಯೂಯಾರ್ಕ್ ರಾಜ್ಯದ ಫ್ರಾನ್ಸಿಸ್ ಪಾಮರ್ 1880ರಲ್ಲಿ ಉಯಿಲು ಬರೆದ. ಇಬ್ಬರು ಹೆಣ್ಣುಮಕ್ಕಳಿಗೆ ಸಣ್ಣ ಮೊತ್ತ, ಉಳಿದ ಬಹುಪಾಲು ಆಸ್ತಿ ಮೊಮ್ಮಗ ಎಲ್ಮರ್‌ಗೆ. ಎರಡು ವರ್ಷದ ನಂತರ, 1882ರಲ್ಲಿ, ಅಜ್ಜ ಮರುಮದುವೆಯಾದ. ಎಲ್ಮರ್‌ಗೆ ಆಗ ಹದಿನಾರು ವರ್ಷ, ಅಜ್ಜನ ಮನೆಯಲ್ಲೇ ಇದ್ದ. ಅಜ್ಜ ಉಯಿಲು ಬದಲಿಸಿಬಿಟ್ಟರೆ ಎಂಬ ಭಯ ಅವನಿಗೆ. ಬೇಗ ಆಸ್ತಿ ಕೈಗೆ ಬರಲಿ ಎಂದು ವಿಷ ಹಾಕಿ ಅಜ್ಜನನ್ನು ಕೊಂದ. ಕೊಲೆಗೆ ಶಿಕ್ಷೆಯೂ ಆಯಿತು. ಆಮೇಲೆ ಆಸ್ತಿಯ ಪ್ರಶ್ನೆ ಎದ್ದಿತು. ಉಯಿಲು ಕ್ರಮಬದ್ಧವಾಗಿತ್ತು. ಅಜ್ಜ ಅದನ್ನು ರದ್ದು ಮಾಡಿರಲಿಲ್ಲ. ಉಯಿಲು ಹೇಗೆ ಮಾಡಬೇಕು, ಹೇಗೆ ರದ್ದಾಗುತ್ತದೆ ಎಂದು ಕಾಯ್ದೆ ವಿವರವಾಗಿ ಹೇಳಿತ್ತು. ಉಯಿಲು ಬರೆದವನನ್ನು ಕೊಂದವನಿಗೆ ಆಸ್ತಿ ಸಿಗಬಾರದು ಎಂದು ಎಲ್ಲೂ ಹೇಳಿರಲಿಲ್ಲ. ಹೆಣ್ಣುಮಕ್ಕಳು ಕೋರ್ಟಿಗೆ ಹೋದರು.

1889ರಲ್ಲಿ ನ್ಯೂಯಾರ್ಕಿನ ಮೇಲ್ಮನವಿ ನ್ಯಾಯಾಲಯ ಎಲ್ಮರ್‌ಗೆ ಆಸ್ತಿ ಸಿಗುವುದಿಲ್ಲ ಎಂದಿತು. ಐವರು ಆ ಕಡೆ, ಇಬ್ಬರು ಈ ಕಡೆ. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ಅರ್ಲ್. ಕಾಯ್ದೆಯ ಮಾತನ್ನು ಅಕ್ಷರಶಃ ಓದಿದರೆ ಆಸ್ತಿ ಕೊಲೆಗಾರನಿಗೇ ಹೋಗುತ್ತದೆ ಎಂದು ಅವರು ನೇರವಾಗಿ ಒಪ್ಪಿಕೊಂಡರು. ಅದನ್ನು ಮುಚ್ಚಿಡಲಿಲ್ಲ. ಆದರೆ ಶಾಸನ ಬರೆದವರ ಮನಸ್ಸಿನಲ್ಲಿ ಇಂಥದ್ದೊಂದು ಇದ್ದಿರಲು ಸಾಧ್ಯವಿಲ್ಲ ಎಂದರು. ಅದಕ್ಕೆ ಇಟಲಿಯ ಬೊಲೋನ್ಯಾ ನಗರದ ಹಳೆಯ ಕಾನೂನೊಂದನ್ನು ನೆನಪಿಸಿದರು. ಬೀದಿಯಲ್ಲಿ ರಕ್ತ ಹರಿಸಿದವರಿಗೆ ಕಠಿಣ ಶಿಕ್ಷೆ ಎಂದಿತ್ತು ಆ ಕಾನೂನು. ಬೀದಿಯಲ್ಲಿ ಕುಸಿದು ಬಿದ್ದವನಿಗೆ ಚಿಕಿತ್ಸೆ ಕೊಡಲು ನರ ಕೊಯ್ದ ವೈದ್ಯನಿಗೆ ಅದು ಅನ್ವಯಿಸುವುದಿಲ್ಲ ಎಂದು ತೀರ್ಮಾನವಾಗಿತ್ತು. ಇದರ ಮೇಲೆ ಅರ್ಲ್ ಇನ್ನೊಂದು ಮಾತು ಸೇರಿಸಿದರು: ತನ್ನ ತಪ್ಪಿನಿಂದ ತಾನೇ ಲಾಭ ಪಡೆಯಲು ಯಾರಿಗೂ ಅವಕಾಶವಿಲ್ಲ. ಎಲ್ಲ ಕಾಯ್ದೆ, ಎಲ್ಲ ಕರಾರುಗಳ ಹಿಂದೆ ಈ ಮಾತು ನಿಂತಿದೆ ಎಂದರು.

1967ರಲ್ಲಿ ಅಮೆರಿಕದ ಚಿಂತಕ ರೊನಾಲ್ಡ್ ಡ್ವಾರ್ಕಿನ್ ಒಂದು ಲೇಖನದಲ್ಲಿ ಈ ಕೇಸನ್ನು ಮುಂದಿಟ್ಟು ವಾದ ಹೂಡಿದರು. ಅವರ ಎದುರಿಗಿದ್ದದ್ದು ಆಕ್ಸ್‌ಫರ್ಡಿನ ಎಚ್.ಎಲ್.ಎ. ಹಾರ್ಟ್ ಅವರ ಸಿದ್ಧಾಂತ. ಹಾರ್ಟ್ ಪ್ರಕಾರ ಕಾನೂನು ಮುಖ್ಯವಾಗಿ ನಿಯಮಗಳ ವ್ಯವಸ್ಥೆ. ನಿಯಮ ಕೈಕೊಟ್ಟ ಕಡೆ ನ್ಯಾಯಾಧೀಶರು ವಿವೇಚನೆ ಬಳಸಿ ಹೊಸದಾಗಿ ತೀರ್ಮಾನ ಮಾಡುತ್ತಾರೆ. ಡ್ವಾರ್ಕಿನ್ ಇದನ್ನು ಒಪ್ಪಲಿಲ್ಲ. ನಿಯಮ ಮುಗಿದ ಕಡೆ ಕಾನೂನು ಮುಗಿಯುವುದಿಲ್ಲ, ಅಲ್ಲಿ ತತ್ವಗಳಿವೆ, ಅವೂ ನ್ಯಾಯಾಧೀಶರನ್ನು ಕಟ್ಟಿಹಾಕುತ್ತವೆ ಎಂದರು.

ಅವರು ತೋರಿಸಿದ ವ್ಯತ್ಯಾಸ ಹೀಗಿದೆ. ನಿಯಮ ಇದ್ದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ಉಯಿಲಿಗೆ ಮೂವರು ಸಾಕ್ಷಿಗಳು ಸಹಿ ಹಾಕಬೇಕು ಎಂದಿದ್ದರೆ, ಇಬ್ಬರೇ ಹಾಕಿದ ಉಯಿಲು ಊರ್ಜಿತವಲ್ಲ. 'ಮುಕ್ಕಾಲು ಊರ್ಜಿತ' ಅನ್ನುವ ಸ್ಥಿತಿ ಇಲ್ಲ. ತತ್ವ ಹಾಗೆ ತೀರ್ಮಾನ ಹೇಳಿ ಮುಗಿಸುವುದಿಲ್ಲ. ಅದು ಒಂದು ಕಡೆಗೆ ವಾಲುವಂತೆ ಮಾಡುವ ಕಾರಣ. ಅದಕ್ಕೆ ತೂಕ ಇದೆ. ಆ ತೂಕ ಒಂದು ಕೇಸಿನಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ.

ಎರಡು ನಿಯಮಗಳು ಎದುರುಬದುರಾದರೆ ಎರಡೂ ನಿಲ್ಲುವಂತಿಲ್ಲ. ಒಂದು ಬೀಳಬೇಕು, ಇಲ್ಲವೇ ಇನ್ನೊಂದಕ್ಕೆ ಅಪವಾದವಾಗಿ ಸೇರಿಕೊಳ್ಳಬೇಕು. ಅದಕ್ಕೆ ಸಿದ್ಧ ಉಪಾಯಗಳೂ ಇವೆ. ಸಂವಿಧಾನ ಕಾಯ್ದೆಗಿಂತ ಮೇಲು, ಹೊಸ ಕಾಯ್ದೆ ಹಳೆಯದಕ್ಕಿಂತ ಮೇಲು, ವಿಶೇಷ ಕಾಯ್ದೆ ಸಾಮಾನ್ಯ ಕಾಯ್ದೆಗಿಂತ ಮೇಲು. ಎರಡು ತತ್ವಗಳು ಎದುರಾದಾಗ ಹಾಗಲ್ಲ. ಸೋತ ತತ್ವವೂ ಕಾನೂನಿನಲ್ಲೇ ಉಳಿಯುತ್ತದೆ, ನಾಳೆ ಇನ್ನೊಂದು ಕೇಸಿನಲ್ಲಿ ಗೆಲ್ಲಬಹುದು. ತನ್ನ ತಪ್ಪಿನಿಂದ ಲಾಭ ಪಡೆಯಬಾರದು ಅನ್ನುವ ತತ್ವವನ್ನೇ ನೋಡಿ. ಇನ್ನೊಬ್ಬನ ಜಮೀನಿನಲ್ಲಿ ಹಕ್ಕಿಲ್ಲದೆ ವರ್ಷಗಟ್ಟಲೆ ಕೂತವನಿಗೆ, ಮಾಲೀಕ ಸುಮ್ನಿದ್ದರೆ, ಕಾಲ ಕಳೆದ ಮೇಲೆ ಆ ಜಮೀನೇ ಸಿಗುವ ಕಾನೂನು ಹಲವು ದೇಶಗಳಲ್ಲಿದೆ. ಪ್ರತಿಕೂಲ ಸ್ವಾಧೀನ ಅನ್ನುತ್ತಾರೆ. ಅಲ್ಲಿ ತಪ್ಪಿನಿಂದಲೇ ಲಾಭ. ಹಾಗಂತ ಆ ತತ್ವ ಸುಳ್ಳಾಯಿತು ಎಂದು ಯಾರೂ ಹೇಳುವುದಿಲ್ಲ. ಹಳೆಯ ವ್ಯಾಜ್ಯಗಳಿಗೆ ಒಂದು ಕೊನೆ ಇರಬೇಕು ಅನ್ನುವ ಇನ್ನೊಂದು ತತ್ವ ಅಲ್ಲಿ ಹೆಚ್ಚು ತೂಗುತ್ತದೆ, ಅಷ್ಟೇ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ನಿಮ್ಮ ಪ್ರಶ್ನೆಗೆ ಉತ್ತರ ಶುರುವಾಗುವುದು ಇಲ್ಲಿಂದ. ಉಳಿದರ್ಧ ಕಥೆ ಅಂದೆನಲ್ಲ, ಅದು ಭಿನ್ನ ತೀರ್ಪು ಕೊಟ್ಟ ನ್ಯಾಯಮೂರ್ತಿ ಗ್ರೇ ಅವರದು.

ಗ್ರೇ ಅವರನ್ನು ಅಕ್ಷರಕ್ಕೆ ಅಂಟಿಕೊಂಡ, ಕನಿಕರವಿಲ್ಲದ ಮನುಷ್ಯ ಎಂಬಂತೆ ಚಿತ್ರಿಸುವುದುಂಟು. ಅದು ಅನ್ಯಾಯ. ಅವರ ವಾದ ಗಟ್ಟಿಯಾಗಿದೆ. ಉಯಿಲು ಹೇಗೆ ರದ್ದಾಗಬೇಕು ಎಂದು ಶಾಸಕಾಂಗ ಗೆರೆ ಎಳೆದಿದೆ, ಅದರಾಚೆ ಕೋರ್ಟ್ ಹೊಸ ದಾರಿ ತೆರೆಯುವಂತಿಲ್ಲ ಎಂದರು. ಕೊಲೆಗೆ ಎಷ್ಟು ಶಿಕ್ಷೆ ಎಂದು ಕಾನೂನು ಗೊತ್ತುಮಾಡಿದೆ, ಅದು ಆಗಿದೆ. ಈಗ ಆಸ್ತಿಯನ್ನೂ ಕಿತ್ತುಕೊಂಡರೆ ಕಾನೂನಿನಲ್ಲಿಲ್ಲದ ಇನ್ನೊಂದು ಶಿಕ್ಷೆ ಸೇರಿಸಿದಂತೆ ಎಂದರು. ಎಷ್ಟು ಶಿಕ್ಷೆ ಎಂದು ಮೊದಲೇ ತಿಳಿಸದೆ ಯಾರನ್ನೂ ದಂಡಿಸಬಾರದು, ಕಾನೂನು ಮಾಡುವುದು ಶಾಸಕಾಂಗದ ಕೆಲಸ, ಬರೆದ ಉಯಿಲನ್ನು ಕೋರ್ಟ್ ತಿದ್ದಬಾರದು. ಇವೆಲ್ಲ ಏನು? ಇವೂ ತತ್ವಗಳೇ.

ಅಂದರೆ ಆ ಕೇಸಿನಲ್ಲಿ ಒಂದು ಕಡೆ ನಿಯಮ, ಇನ್ನೊಂದು ಕಡೆ ತತ್ವ ಇರಲಿಲ್ಲ. ಎರಡೂ ಕಡೆ ತತ್ವಗಳಿದ್ದವು. ಒಂದು ಕಡೆಯ ತತ್ವಗಳು ನಿಯಮದ ಹಿಂದೆ ನಿಂತಿದ್ದವು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದೇ. ನಿಯಮ ಯಾಕೆ ಬೇಕು ಎಂದು ಕೇಳಿದಿರಲ್ಲ, ಉತ್ತರ ಇಲ್ಲಿದೆ. ನಿಯಮಕ್ಕೆ ಬಲ ಕೊಡುವುದೇ ತತ್ವಗಳು. ಕೆಲವು ತತ್ವಗಳು ಆ ನಿಯಮದ ಉದ್ದೇಶಕ್ಕೆ ಸೇರಿದವು. ಇನ್ನು ಕೆಲವು ಎಲ್ಲ ನಿಯಮಗಳಿಗೂ ಸೇರಿದವು: ಕಾನೂನು ಏನೆಂದು ಜನರಿಗೆ ಮೊದಲೇ ಗೊತ್ತಿರಬೇಕು, ಒಂದೇ ಬಗೆಯ ಕೇಸುಗಳಿಗೆ ಒಂದೇ ಬಗೆಯ ತೀರ್ಪು ಸಿಗಬೇಕು, ಅಧಿಕಾರ ಇರುವವರ ಕೈಯನ್ನು ಯಾವುದಾದರೂ ಕಟ್ಟಿರಬೇಕು. ಹದಿನೆಂಟು ತುಂಬಿದವರಿಗೆ ಮತ ಎಂಬ ನಿಯಮ ತೆಗೆದುಕೊಳ್ಳಿ. ಹದಿನೇಳರಲ್ಲೇ ತಿಳಿವಳಿಕೆ ಬಂದವರಿದ್ದಾರೆ, ನಲವತ್ತಾದರೂ ಬರದವರಿದ್ದಾರೆ. ಹಾಗಂತ ಮತಗಟ್ಟೆಯಲ್ಲಿ ಅಧಿಕಾರಿ ಒಬ್ಬೊಬ್ಬರ ತಿಳಿವಳಿಕೆ ಅಳೆಯಲು ಕೂತರೆ ಏನಾಗುತ್ತದೆ? ಕೆಲವರ ವಿಷಯದಲ್ಲಿ ನಿಯಮ ತಪ್ಪಾಗುತ್ತದೆ ಎಂದು ಗೊತ್ತಿದ್ದೇ ಅದನ್ನು ಇಟ್ಟುಕೊಳ್ಳುತ್ತೇವೆ. ಅಳೆಯುವ ಅಧಿಕಾರ ಆ ಅಧಿಕಾರಿಯ ಕೈಗೆ ಹೋದರೆ ಆಗುವ ಅನಾಹುತ ಅದಕ್ಕಿಂತ ದೊಡ್ಡದು.

ಹಾಗಾಗಿ ಕಾಯ್ದೆಯ ಸ್ಪಷ್ಟ ಮಾತನ್ನು ಪಕ್ಕಕ್ಕಿಡುವ ನ್ಯಾಯಾಧೀಶರಿಗೆ ಒಂದು ತತ್ವದ ಹೆಸರು ಹೇಳಿದರೆ ಸಾಲದು. ಆ ತತ್ವ ಈ ನಿಯಮದ ಉದ್ದೇಶಕ್ಕಿಂತಲೂ, ನಿಯಮವನ್ನು ನಂಬಿ ಬದುಕುವ ಜನರ ಭರವಸೆಗಿಂತಲೂ ಇಲ್ಲಿ ಯಾಕೆ ಹೆಚ್ಚು ತೂಗುತ್ತದೆ ಎಂದು ತೋರಿಸಬೇಕು. ಅರ್ಲ್ ಅವರ ತೀರ್ಪು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ ಎಂದು ನನಗನಿಸುತ್ತದೆ. ಅಜ್ಜನನ್ನು ಕೊಂದವನು 'ನಾನು ಕಾಯ್ದೆ ನಂಬಿದ್ದೆ' ಎಂದರೆ ಆ ಭರವಸೆಯನ್ನು ಕಾನೂನು ಕಾಪಾಡಬೇಕಾಗಿಲ್ಲ. ಉಯಿಲಿನ ಕಾಯ್ದೆ ಇರುವುದು ಸತ್ತವರ ಇಚ್ಛೆ ನಡೆಯಲಿ ಎಂದು. ಕೊಂದವನಿಗೇ ಆಸ್ತಿ ಹೋಗಲಿ ಎಂಬುದು ಆ ಇಚ್ಛೆ ಆಗಿರಲಾರದು.

ಆದರೆ ಎಲ್ಲ ಕೋರ್ಟುಗಳಿಗೂ ಹಾಗೆ ಅನಿಸಲಿಲ್ಲ. 1892ರಲ್ಲಿ ಓಹಾಯೋ ರಾಜ್ಯದಲ್ಲಿ ತಾಯಿಯನ್ನು ಕೊಂದ ಮಗನ ಕೇಸ್ ಬಂತು. ಅಲ್ಲಿನ ಕೋರ್ಟ್ ಉತ್ತರಾಧಿಕಾರದ ಕಾಯ್ದೆಯ ಮಾತಿಗೇ ಅಂಟಿಕೊಂಡಿತು. ಶಾಸಕಾಂಗ ಅಪವಾದ ಬರೆದಿಲ್ಲ, ನಾವು ಬರೆಯುವಂತಿಲ್ಲ ಎಂದಿತು. ಎರಡೂ ಕೋರ್ಟುಗಳಿಗೆ ಒಂದೇ ತತ್ವ ಗೊತ್ತಿತ್ತು. ತೂಕ ಹಾಕಿದ್ದು ಬೇರೆ ಬೇರೆ. ಆಮೇಲೆ ಅಮೆರಿಕದ ರಾಜ್ಯಗಳು ಕೊಲೆಗಾರನಿಗೆ ಕೊಲೆಯಾದವರ ಆಸ್ತಿ ಸಿಗದು ಎಂದು ಒಂದೊಂದಾಗಿ ಕಾಯ್ದೆಯನ್ನೇ ಮಾಡಿಕೊಂಡವು. ಈಗ ಅಲ್ಲಿ ಅದು ನಿಯಮ. ತೂಗಿ ನೋಡುವ ಅಗತ್ಯ ಬಹುಪಾಲು ಇಲ್ಲ.

ತತ್ವದಿಂದ ನಿಯಮ ಹುಟ್ಟುವ ಈ ಪ್ರಕ್ರಿಯೆಯನ್ನು ಚೆನ್ನಾಗಿ ವಿವರಿಸಿದವರು ಜರ್ಮನಿಯ ಕಾನೂನು ಚಿಂತಕ ರಾಬರ್ಟ್ ಅಲೆಕ್ಸಿ, 1985ರಲ್ಲಿ. ಅವರ ಪ್ರಕಾರ ತತ್ವ ಅಂದರೆ, ವಾಸ್ತವ ಸ್ಥಿತಿ ಮತ್ತು ಉಳಿದ ಕಾನೂನು ಬಿಟ್ಟುಕೊಡುವಷ್ಟು ಮಟ್ಟಿಗೆ, ಆದಷ್ಟು ಹೆಚ್ಚು ಈಡೇರಿಸಬೇಕಾದದ್ದು. ನಿಯಮವನ್ನು ಪಾಲಿಸಬಹುದು ಇಲ್ಲವೇ ಮುರಿಯಬಹುದು. ತತ್ವವನ್ನು ಹೆಚ್ಚು ಅಥವಾ ಕಡಿಮೆ ಈಡೇರಿಸಬಹುದು. ಒಂದು ತತ್ವಕ್ಕೆ ಎಷ್ಟು ದೊಡ್ಡ ಪೆಟ್ಟು ಬೀಳುತ್ತದೋ, ಅದನ್ನು ಸಮರ್ಥಿಸಲು ಎದುರಿನ ತತ್ವದ ಮಹತ್ವವೂ ಅಷ್ಟೇ ದೊಡ್ಡದಿರಬೇಕು.

ಅವರು ಬಳಸಿದ ಒಂದು ಉದಾಹರಣೆ ಲೆಬಾಕ್ ಪ್ರಕರಣ. 1969ರಲ್ಲಿ ಜರ್ಮನಿಯ ಲೆಬಾಕ್‌ನ ಮದ್ದುಗುಂಡು ಸಂಗ್ರಹಾಗಾರದ ಮೇಲೆ ದಾಳಿ ನಡೆದು ನಾಲ್ವರು ಸೈನಿಕರು ಸತ್ತರು. ಆ ಅಪರಾಧಕ್ಕೆ ನೆರವಾಗಿದ್ದ ಒಬ್ಬನಿಗೆ ಆರು ವರ್ಷ ಶಿಕ್ಷೆಯಾಯಿತು. ಅವನು ಬಿಡುಗಡೆಯಾಗುವ ಹೊತ್ತಿಗೆ ಒಂದು ಟಿವಿ ಸಂಸ್ಥೆ ಇಡೀ ಘಟನೆಯ ಮೇಲೆ, ಅವನ ಹೆಸರು, ಫೋಟೊ ಸಮೇತ, ಒಂದು ಚಿತ್ರ ತೋರಿಸಲು ಹೊರಟಿತು. ಒಂದು ಕಡೆ ಪ್ರಸಾರದ ಸ್ವಾತಂತ್ರ್ಯ. ಇನ್ನೊಂದು ಕಡೆ ಅವನ ಖಾಸಗಿ ಬದುಕು ಮತ್ತು ಸಮಾಜಕ್ಕೆ ಮರಳುವ ಅವಕಾಶ.

1973ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ಪ್ರಸಾರ ತಡೆಯಿತು. ಎರಡರಲ್ಲಿ ಯಾವುದೂ ಯಾವಾಗಲೂ ಮೇಲು ಎಂದು ಅದು ಹೇಳಲಿಲ್ಲ. ಅಪರಾಧ ಈಗಷ್ಟೇ ನಡೆದಿದ್ದರೆ ಸುದ್ದಿ ತಿಳಿಯುವ ಜನರ ಹಕ್ಕಿಗೆ ಸಾಮಾನ್ಯವಾಗಿ ಮೊದಲ ಸ್ಥಾನ ಎಂದಿತು. ಆದರೆ ಇದು ಮತ್ತೆ ಹೇಳುತ್ತಿರುವ ಹಳೆಯ ಕಥೆ. ತುರ್ತಾಗಿ ತಿಳಿಯಬೇಕಾದ ಸುದ್ದಿ ಇದರಲ್ಲಿಲ್ಲ. ಅವನು ಮತ್ತೆ ಸಮಾಜದಲ್ಲಿ ನೆಲೆ ಕಂಡುಕೊಳ್ಳುವುದಕ್ಕೆ ಇದರಿಂದ ಅಪಾಯವಿದೆ. ಇಷ್ಟೆಲ್ಲ ಷರತ್ತುಗಳು ಸೇರಿದಾಗ ಪ್ರಸಾರ ಸಲ್ಲದು. ಅಲೆಕ್ಸಿ ಇಲ್ಲಿ ಗುರುತಿಸಿದ್ದು ಇದನ್ನೇ: ತೂಗಿ ನೋಡಿದ ಮೇಲೆ ಕೈಗೆ ಬಂದದ್ದು ಒಂದು ನಿಯಮ. 'ಇಂಥಿಂಥ ಷರತ್ತುಗಳಿದ್ದರೆ ಇಂಥ ಪ್ರಸಾರ ನಿಷಿದ್ಧ' ಎಂಬ ನಿಯಮ. 1999ರಲ್ಲಿ ಅದೇ ಅಪರಾಧದ ಮೇಲೆ ಇನ್ನೊಂದು ಚಾನೆಲ್ ಮಾಡಿದ ಚಿತ್ರ ಅದೇ ಕೋರ್ಟಿನ ಮುಂದೆ ಬಂತು. ಈ ಸಲ ಹೆಸರು ಬದಲಿಸಿದ್ದರು, ಫೋಟೊ ಇರಲಿಲ್ಲ, ಕಾಲವೂ ಬಹಳ ಕಳೆದಿತ್ತು. ಕೋರ್ಟ್ ಚಾನೆಲ್ ಪರ ನಿಂತಿತು. ತತ್ವಗಳು ಅವೇ. ಷರತ್ತುಗಳು ಬದಲಾಗಿದ್ದವು.

ಇನ್ನು ನಿಮ್ಮ ಕೊನೆಯ ಅನುಮಾನ. ತತ್ವ ಅನ್ನುವುದು ನ್ಯಾಯಾಧೀಶರ ಅಭಿಪ್ರಾಯಕ್ಕೆ ಇಟ್ಟ ಹೆಸರೇ? ಕೆಲವು ತೀರ್ಪುಗಳಲ್ಲಿ ಹೌದು, ಅದನ್ನು ಮರೆಮಾಚಬಾರದು. ಆದರೆ ಅಸಲಿ ತತ್ವಕ್ಕೆ ಹಿಂದಿನ ಇತಿಹಾಸ ಇರುತ್ತದೆ. ಹಳೆಯ ತೀರ್ಪುಗಳು ಅದರ ಮೇಲೆ ನಿಂತಿರುತ್ತವೆ. ಅದನ್ನು ಒಪ್ಪದೆ ವಿವರಿಸಲಾಗದ ಕಾಯ್ದೆಗಳು ಇರುತ್ತವೆ. ಸಂವಿಧಾನದ ಮಾತು ಅದಕ್ಕೆ ಆಸರೆ ಕೊಟ್ಟಿರುತ್ತದೆ. 1960ರಲ್ಲಿ ನ್ಯೂಜೆರ್ಸಿಯ ಹೆನ್ನಿಂಗ್ಸನ್ ಕೇಸ್ ನೋಡಿ. ಹೊಸ ಕಾರು ಕೊಂಡು ಕೆಲವೇ ದಿನಗಳಲ್ಲಿ ಸ್ಟೇರಿಂಗ್ ಕೆಟ್ಟು ಅಪಘಾತವಾಯಿತು, ಓಡಿಸುತ್ತಿದ್ದ, ಕಾರು ಕೊಂಡವರ ಹೆಂಡತಿಗೆ ಪೆಟ್ಟಾಯಿತು. ಕೆಟ್ಟ ಬಿಡಿಭಾಗ ಬದಲಿಸಿ ಕೊಡುವುದಷ್ಟೇ ನಮ್ಮ ಹೊಣೆ ಎಂದು ಕಂಪನಿ ಕರಾರಿನಲ್ಲಿ ಬರೆದುಕೊಂಡಿತ್ತು. ಗಿರಾಕಿ ಅದಕ್ಕೆ ಸಹಿ ಹಾಕಿದ್ದರು. ಸಹಿ ಹಾಕಿದ ಕರಾರಿಗೆ ಬದ್ಧರಾಗಬೇಕು ಅನ್ನುವುದನ್ನು ಕೋರ್ಟ್ ಅಲ್ಲಗಳೆಯಲಿಲ್ಲ. ಆದರೆ ಚೌಕಾಸಿಯ ಶಕ್ತಿ ಒಂದೇ ಕಡೆ ಇರುವಾಗ ಅನ್ಯಾಯದ ಕರಾರಿಗೆ ಕೋರ್ಟುಗಳು ಸಾಧನವಾಗಬಾರದು ಎಂಬುದನ್ನು ಹಿಂದಿನ ಕೇಸುಗಳಿಂದ ಒಂದೊಂದಾಗಿ ಎತ್ತಿ ಕಟ್ಟಿತು. ಈ ಕಟ್ಟುವ ಕೆಲಸ ನಿಮಗೆ ತೀರ್ಪಿನಲ್ಲಿ ಕಾಣಬೇಕು. ಕಾಣದಿದ್ದರೆ ಅನುಮಾನ ಪಡಿ.

ಹಾರ್ಟ್ ಸುಮ್ಮನಿರಲಿಲ್ಲ. ಅವರು ತೀರಿಕೊಂಡ ಮೇಲೆ, 1994ರಲ್ಲಿ, ಅವರ ಉತ್ತರ ಪ್ರಕಟವಾಯಿತು. ನಿಯಮಕ್ಕೂ ತತ್ವಕ್ಕೂ ಇರುವ ವ್ಯತ್ಯಾಸ ಹೆಚ್ಚು ಕಡಿಮೆಯ ವ್ಯತ್ಯಾಸ, ಜಾತಿಯೇ ಬೇರೆ ಅನ್ನುವಂಥದ್ದಲ್ಲ ಎಂದರು. ಪಾಮರ್ ಕೇಸನ್ನೇ ತಿರುಗಿಸಿ ತೋರಿಸಿದರು: ಉಯಿಲಿನ ನಿಯಮ ಅಲ್ಲಿ ಸೋತಿತು, ಆದರೂ ಅಳಿಯಲಿಲ್ಲ, ಮಾರನೇ ದಿನವೂ ಇತ್ತು. ಹಾಗಿದ್ದ ಮೇಲೆ ನಿಯಮ 'ಇದ್ದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ' ಹೇಗಾಯಿತು? ಈ ಮಾತಿನಲ್ಲಿ ಹಾರ್ಟ್ ಸರಿ ಅನ್ನುವವನು ನಾನು. ನಿಯಮಗಳಲ್ಲೂ ತತ್ವದ ಅಂಶ ಸೇರಿಕೊಳ್ಳುತ್ತದೆ. ಅಮೆರಿಕದ 1890ರ ಶರ್ಮನ್ ಕಾಯ್ದೆ ವ್ಯಾಪಾರಕ್ಕೆ ತಡೆಯೊಡ್ಡುವ ಪ್ರತಿಯೊಂದು ಕರಾರೂ ಅಕ್ರಮ ಎಂದಿತ್ತು. ಯಾವ ಕರಾರು ತಾನೇ ಒಂದಿಷ್ಟು ತಡೆಯೊಡ್ಡುವುದಿಲ್ಲ? 1911ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 'ಅಸಮಂಜಸವಾದ ತಡೆ' ಎಂದು ಓದಿಕೊಂಡಿತು. ಆಕಾರ ನಿಯಮದ್ದು, ಆದರೆ ಒಳಗೆ ಪ್ರತಿ ಸಲ ತೂಗಿ ನೋಡುವ ಕೆಲಸ. 'ಸೂಕ್ತ ಎಚ್ಚರಿಕೆ', 'ನ್ಯಾಯವಾದ ಬೆಲೆ' ಅನ್ನುವ ಮಾತುಗಳಿರುವ ಕಾಯ್ದೆಗಳೆಲ್ಲ ಹೀಗೇ. ಇವನ್ನು ಯಾವ ಖಾನೆಗೆ ಹಾಕಬೇಕು ಎಂದು ತಲೆ ಕೆಡಿಸಿಕೊಳ್ಳಬೇಡಿ. ಪರೀಕ್ಷೆಯಲ್ಲೂ ಎರಡೂ ಗುಣ ತೋರಿಸಿದರೆ ಸಾಕು.

ಓದುವಾಗ ಹೀಗೆ ಮಾಡಿ. ತೀರ್ಪಿನಲ್ಲಿ ತತ್ವ ಕಂಡ ಕಡೆ ಗೆರೆ ಎಳೆಯಿರಿ. ಅದು ಎಲ್ಲಿಂದ ಬಂತು ಎಂದು ಕೇಳಿ. ಅದರ ಎದುರಿಗೆ ಯಾವ ತತ್ವ ಇದೆ, ನ್ಯಾಯಾಧೀಶರು ಅದನ್ನು ಹೆಸರಿಸಿದ್ದಾರಾ ಎಂದು ನೋಡಿ. ಸೋತವನ ಪರ ತೂಗುವ ಕಾರಣವನ್ನು ಪೂರ್ತಿ ಹೇಳದ ತೀರ್ಪು ನಿಜವಾಗಿ ತೂಗಿಯೇ ಇಲ್ಲ. ಭಿನ್ನ ತೀರ್ಪು ಇದ್ದರೆ ಅದನ್ನೇ ಮೊದಲು ಓದುವುದು ನನ್ನ ಅಭ್ಯಾಸ.

ಒಂದು ಕಡೆ ಮಾತ್ರ ತತ್ವಕ್ಕೆ ಬಾಗಿಲು ಕಿರಿದಾಗಿರಬೇಕು, ಅದು ಅಪರಾಧ ಕಾನೂನು. ಆರೋಪಿಯನ್ನು ಉಳಿಸಲು ತತ್ವ ಬಳಸಬಹುದು. ಹೊಸ ಅಪರಾಧ ಸೃಷ್ಟಿಸಲು ಬಳಸಬಾರದು. 1961ರಲ್ಲಿ ಇಂಗ್ಲೆಂಡಿನ ಶಾ ಕೇಸಿನಲ್ಲಿ ಆದದ್ದು ಅದೇ. ವೇಶ್ಯೆಯರ ವಿಳಾಸದ ಕೈಪಿಡಿ ಪ್ರಕಟಿಸಿದವನನ್ನು 'ಸಾರ್ವಜನಿಕ ನೀತಿ ಕೆಡಿಸುವ ಸಂಚು' ಎಂಬ ಅಪರಾಧಕ್ಕಾಗಿ ದಂಡಿಸುವುದನ್ನು ಅಲ್ಲಿನ ಆಗಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ಎತ್ತಿಹಿಡಿಯಿತು. ಕಾಯ್ದೆ ಏನೂ ಹೇಳದ ಕಡೆಯೂ ಸಮಾಜದ ನೈತಿಕ ಹಿತ ಕಾಯುವ ಅಧಿಕಾರ ಕೋರ್ಟುಗಳಲ್ಲಿ ಉಳಿದಿದೆ ಎಂದು ನ್ಯಾಯಾಧೀಶ ವೈಕೌಂಟ್ ಸೈಮಂಡ್ಸ್ ಬರೆದರು. ಲಾರ್ಡ್ ರೀಡ್ ಒಬ್ಬರೇ ಒಪ್ಪದೆ ಭಿನ್ನ ತೀರ್ಪು ಕೊಟ್ಟರು. 1972ರಲ್ಲಿ ನಲ್ಲರ್ ಕೇಸ್ ಬಂದಾಗ, ಹೊಸ ಅಪರಾಧ ಸೃಷ್ಟಿಸುವ ಅಂಥ ಅಧಿಕಾರ ಕೋರ್ಟುಗಳಿಗಿಲ್ಲ ಎಂದು ಅದೇ ಹೌಸ್ ಆಫ್ ಲಾರ್ಡ್ಸ್ ಸ್ಪಷ್ಟಪಡಿಸಿತು. ಆದರೆ ಶಾ ತೀರ್ಪನ್ನು ತಳ್ಳಿಹಾಕಲಿಲ್ಲ. ಲಾರ್ಡ್ ರೀಡ್ ಕೂಡ ತಳ್ಳಿಹಾಕಲು ಒಪ್ಪಲಿಲ್ಲ. ಆ ತೀರ್ಪು ತಪ್ಪು ಎಂದು ಈಗಲೂ ಅನಿಸುತ್ತದೆ, ಆದರೆ ಕಾನೂನಿನಲ್ಲಿ ಖಚಿತತೆ ಇರಬೇಕು, ಬದಲಿಸುವುದಾದರೆ ಸಂಸತ್ತು ಬದಲಿಸಲಿ ಎಂದು ಅವರು ಬರೆದರು. ಒಬ್ಬರೇ ನ್ಯಾಯಾಧೀಶರು, ಹನ್ನೊಂದು ವರ್ಷದ ಅಂತರದಲ್ಲಿ, ಮೊದಲು ಒಂದು ತತ್ವಕ್ಕಾಗಿ ಭಿನ್ನ ನಿಲುವು ತಾಳಿದರು, ಆಮೇಲೆ ಇನ್ನೊಂದು ತತ್ವಕ್ಕಾಗಿ ತಮಗೆ ಒಪ್ಪಿಗೆಯಿಲ್ಲದ ನಿಯಮಕ್ಕೆ ತಲೆಬಾಗಿದರು. ಈ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ. ರೀಡ್ ಎರಡನೇ ಸಲ ತೂಗಿದ್ದು ಸರಿಯೇ ಎಂದು ನೀವೇ ವಾದ ಬರೆದು ನೋಡಿ, ಎರಡೂ ಕಡೆಯಿಂದ.